ಬಳ್ಳಿಗಾವೆಯ ಮದ್ದಳೆಗಾರ: ಅಲ್ಲಮಪ್ರಭುವಿನ ಪೂರ್ವವೃತ್ತಿಯನ್ನು ಕುರಿತು ಒಂದು ವಿಚಾರ

೧

ಕನ್ನಡ ನಾಡಿನ ಹನ್ನೆರಡನೆಯ ಶತಮಾನದ ಇತಿಹಾಸವನ್ನು ಬಲ್ಲ ವಾಚಕರಿಗೆ ಅಲ್ಲಮಪ್ರಭುವಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಬಸವಣ್ಣನವರ ಸಮಕಾಲೀನನೆಂದು, ಶೂನ್ಯಸಿಂಹಾಸನದ ಅಧ್ಯಕ್ಷನೆಂದು, ಗುಹೇಶ್ವರನೆಂಬ ಅಂಕಿತದಲ್ಲಿ ಸಾವಿರಕ್ಕೂ ಮಿಕ್ಕ ವಚನಗಳನ್ನು ನುಡಿದ ಅನುಭಾವಿಯೆಂದು ಆತನು ಪ್ರಸಿದ್ಧನಾಗಿದ್ದಾನೆ. ಆತನ ತತ್ತ್ವವನ್ನು ಕುರಿತು ವಿದ್ವಾಂಸರು ಬಹಳ ಬರೆದಿದ್ದಾರೆ. ಆದರೆ ಆ ಹಿರಿಮೆಗೆ ಮುನ್ನ ಆತನು ಏನಾಗಿದ್ದನು, ಯಾವ ಕಸುಬಿನಿಂದ ಬದುಕುತ್ತಿದ್ದನು ಎಂಬ ಪ್ರಶ್ನೆಯನ್ನು ಇತಿಹಾಸದ ದೃಷ್ಟಿಯಿಂದ ಎತ್ತಿದವರು ಕಡಮೆ. ಆತನು ದೇವಾಲಯದಲ್ಲಿ ಮದ್ದಳೆಯನ್ನು ಬಾರಿಸುತ್ತಿದ್ದನೆಂದು ಕಾವ್ಯಗಳು ಹೇಳುತ್ತವೆ. ಈ ಮಾತನ್ನು ಕಥೆಯ ಅಲಂಕಾರವೆಂದು ಬದಿಗಿಟ್ಟು ಮುಂದೆ ಸಾಗುವುದು ವಾಡಿಕೆಯಾಗಿದೆ.

ಪ್ರಕೃತ ಲೇಖನದಲ್ಲಿ ನಾವು ಆ ವಾಡಿಕೆಯನ್ನು ಬಿಟ್ಟು, ಮದ್ದಳೆಯ ಸಂಗತಿಯನ್ನೇ ಮುಖ್ಯವಾಗಿಟ್ಟುಕೊಂಡು ವಿಚಾರ ಮಾಡಬಯಸುತ್ತೇವೆ. ಅಲ್ಲಮನನ್ನು ಒಬ್ಬ ವೃತ್ತಿಪರ ವಾದ್ಯಗಾರನೆಂದು ನಂಬಲು ಆಧಾರಗಳೇನು, ಅಂಥ ವೃತ್ತಿಗೆ ಬಳ್ಳಿಗಾವೆಯಲ್ಲಿ ಯಾವ ಆಶ್ರಯವಿತ್ತು, ಆ ವೃತ್ತಿಯವರಿಗೆ ಸಮಾಜದಲ್ಲಿ ದೊರೆತ ಸ್ಥಾನವೆಂಥದು ಎಂಬ ಮೂರು ಪ್ರಶ್ನೆಗಳು ನಮ್ಮ ಮುಂದಿವೆ. ಇವು ಒಬ್ಬ ಶರಣನ ಚರಿತ್ರೆಗೆ ಮಾತ್ರ ಸೇರಿದವುಗಳಲ್ಲ. ರಾಜರ, ದಂಡನಾಯಕರ, ಆಚಾರ್ಯರ ಹೆಸರುಗಳಿಂದ ತುಂಬಿರುವ ನಮ್ಮ ಇತಿಹಾಸದಲ್ಲಿ ಹಾಡಿ, ಕುಣಿದು, ಬಾರಿಸಿ ಬದುಕಿದವರಿಗೆ ಎಡೆಯುಂಟೇ ಎಂಬುದು ಅವುಗಳ ಹಿಂದಿರುವ ಪ್ರಶ್ನೆ.

೨

ಮೊದಲು ಪ್ರದೇಶದ ವಿಚಾರ. ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳು ಪೂರ್ವಕಾಲದಲ್ಲಿ ಬನವಾಸಿ ಪನ್ನಿರ್ಚಾಸಿರವೆಂಬ ದೊಡ್ಡ ನಾಡಿನ ಒಳಗಿದ್ದವು. ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಎಂಬ ಸಣ್ಣ ನಾಡುಗಳ ಹೆಸರುಗಳು ಈ ಭಾಗದ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ಶಿರಾಳಕೊಪ್ಪದ ಸಮೀಪದಲ್ಲಿರುವ ಬಳ್ಳಿಗಾವೆಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿದ್ದಿತು. ಬಳ್ಳಿಗ್ರಾಮೆ, ಬಲಿಪುರ ಎಂಬ ಹೆಸರುಗಳೂ ಇದಕ್ಕುಂಟು. ಕೇದಾರೇಶ್ವರ ಮತ್ತು ತ್ರಿಪುರಾಂತಕೇಶ್ವರ ದೇವಾಲಯಗಳೂ, ೧೦೪೭ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭವೂ ಈಗಲೂ ಆ ಊರಿನ ಹಳೆಯ ವೈಭವವನ್ನು ಸಾರುತ್ತಿವೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರಿಗೂ ಅಲ್ಲಿ ನೆಲೆಯಿದ್ದಿತು. ಸಮೀಪದ ತಾಳಗುಂದದಲ್ಲಿ ಕದಂಬರ ಮೂಲವನ್ನು ತಿಳಿಸುವ ಪ್ರಸಿದ್ಧ ಸ್ತಂಭಶಾಸನವಿದೆ. ಬಂದಳಿಕೆಯ ಶಾಸನವೊಂದು ಹತ್ತನೆಯ ಶತಮಾನದ ಆದಿಭಾಗದಲ್ಲಿ ಜಕ್ಕಿಯಬ್ಬೆಯೆಂಬ ಹೆಂಗಸು ನಾಗರಖಂಡದ ನಾಳ್ಗಾವುಂಡಿಕೆಯನ್ನು ನಡೆಸಿದುದನ್ನು ತಿಳಿಸುತ್ತದೆ. ಅಕ್ಕಮಹಾದೇವಿಯ ಹುಟ್ಟೂರೆನ್ನಲಾದ ಉಡುತಡಿಯೂ ಇದೇ ತಾಲ್ಲೂಕಿನದು.

ಬಳ್ಳಿಗಾವೆಯಿಂದ ವಾಯವ್ಯಕ್ಕೆ ನಡೆದರೆ ಸೊರಬದ ಸೀಮೆ ಮೊದಲಾಗುತ್ತದೆ. ಆನವಟ್ಟಿಯ ಬಳಿಯ ಕುಬಟೂರು ಅಲ್ಲಿನ ಪ್ರಾಚೀನ ನೆಲೆಗಳಲ್ಲಿ ಒಂದು. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ೧೦೭೭ರಲ್ಲಿ ಅಲ್ಲಿ ಪಾರ್ಶ್ವದೇವ ಚೈತ್ಯಾಲಯಕ್ಕೆ ದತ್ತಿಯನ್ನು ಕೊಡಿಸಿದಳು. ಕೈಟಭೇಶ್ವರ ದೇವಾಲಯವೂ ಅಲ್ಲಿಯೇ ಇದೆ. ಈ ಸೀಮೆಯನ್ನು ದಾಟಿದರೆ ವರದಾ ನದಿಯ ದಡದ ಬನವಾಸಿ, ಅಲ್ಲಿ ಮಧುಕೇಶ್ವರನ ಗುಡಿ. ಹೀಗೆ ಬಳ್ಳಿಗಾವೆಯೂ ಬನವಾಸಿಯೂ ಒಂದೇ ನಾಡಿನ ಎರಡು ಪಟ್ಟಣಗಳು; ನಡುವೆ ಸೊರಬದ ಹಳ್ಳಿಗಳು. ಅಲ್ಲಮನ ಕಥೆಯನ್ನು ಹೇಳಿದ ಇಬ್ಬರು ಕವಿಗಳಲ್ಲಿ ಒಬ್ಬನು ಬಳ್ಳಿಗಾವೆಯನ್ನೂ ಮತ್ತೊಬ್ಬನು ಬನವಾಸಿಯನ್ನೂ ರಂಗಸ್ಥಳವಾಗಿ ಆರಿಸಿಕೊಂಡಿರುವುದರಿಂದ ಈ ಭೂಗೋಲವನ್ನು ನೆನಪಿನಲ್ಲಿಡುವುದು ಅಗತ್ಯ. ಈ ನಾಡಿಗೆ ಸಂಗೀತದ ಖ್ಯಾತಿಯು ಅಲ್ಲಮನಿಗಿಂತ ಬಹು ಹಿಂದಿನದು. ೯೪೧ರ ಸುಮಾರಿನಲ್ಲಿ ಪಂಪನು ಬನವಾಸಿಯನ್ನು ನೆನೆಯುವಾಗ ಅಲ್ಲಿನ ಸುಖಗಳ ಎಣಿಕೆಯಲ್ಲಿ ಗಾನಗೋಷ್ಠಿಯನ್ನೂ ಸೇರಿಸಿದ್ದಾನೆ.

೩

ಅಲ್ಲಮನ ಪೂರ್ವಜೀವನವನ್ನು ನಿರೂಪಿಸುವ ಕಾವ್ಯಗಳಲ್ಲಿ ಹರಿಹರನ ‘ಪ್ರಭುದೇವರ ರಗಳೆ’ ಹಳೆಯದು. ಹರಿಹರನ ಕಾಲವನ್ನು ಸುಮಾರು ೧೨೦೦ ಎಂದು ಹೇಳುವುದು ರೂಢಿ. ಆದಕಾರಣ ಅಲ್ಲಮನಿಗೂ ಅವನಿಗೂ ನಡುವೆ ಒಂದೆರಡು ತಲೆಮಾರುಗಳಿಗಿಂತ ಹೆಚ್ಚಿನ ಅಂತರವಿಲ್ಲ. ಕೈಲಾಸದ ಪೂರ್ವಕಥೆಯನ್ನು ಬಿಟ್ಟು ಭೂಮಿಯ ಕಥೆಯನ್ನು ಮಾತ್ರ ತೆಗೆದುಕೊಂಡರೆ ಅದರ ಸಾರಾಂಶವಿದು: ಅಲ್ಲಮನು ಬಳ್ಳಿಗಾವೆಯ ನಾಗವಾಸದ ಅಧಿಪತಿಯ ಮಗ. ನಾಗವಾಸವೆಂದರೆ ನೃತ್ಯವೃತ್ತಿಯವರ ಸಮುದಾಯ. ತಂದೆಯ ಮನೆಯಲ್ಲಿಯೇ ಕಲೆಯನ್ನು ಕಲಿತ ಅಲ್ಲಮನು ಮದ್ದಳೆಯಲ್ಲಿ ಅಸಾಧಾರಣ ಪ್ರವೀಣನಾದನು. ಕಮಲತೆಯೆಂಬ ಯುವತಿಯು ಅವನಿಗೆ ಒಲಿದಳು. ಇಬ್ಬರೂ ಸುಖದಿಂದ ಕೂಡಿ ಬಾಳಿದರು. ಅಷ್ಟರಲ್ಲಿ ಅವಳು ಜ್ವರದಿಂದ ಅಕಾಲಮರಣಕ್ಕೀಡಾದಳು. ದುಃಖದಿಂದ ಭ್ರಾಂತನಂತಾದ ಅಲ್ಲಮನು ಊರ ಹೊರಗಿನ ತೋಪಿನಲ್ಲಿ ಕುಳಿತು ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿರಲು ಹೂತುಹೋಗಿದ್ದ ದೇಗುಲವೊಂದರ ಹೊನ್ನ ಕಳಶವು ಕಣ್ಣಿಗೆ ಬಿದ್ದಿತು. ನೆಲವನ್ನು ಅಗೆಯಿಸಿ ಒಳಹೊಕ್ಕಾಗ ಅನಿಮಿಷಯ್ಯನೆಂಬ ಯೋಗಿಯು ಲಿಂಗವನ್ನು ಹಿಡಿದು ಸಮಾಧಿಸ್ಥನಾಗಿದ್ದನು. ಆ ಲಿಂಗವು ಅಲ್ಲಮನ ಕೈಗೆ ಬಂದೊಡನೆ ಯೋಗಿಯ ಪ್ರಾಣವು ಹೋಯಿತು. ಅಂದಿನಿಂದ ಅಲ್ಲಮನು ಬೇರೆ ಮನುಷ್ಯನಾದನು.

ಎರಡನೆಯದು ಚಾಮರಸನ ‘ಪ್ರಭುಲಿಂಗಲೀಲೆ’. ಚಾಮರಸನು ವಿಜಯನಗರದ ಪ್ರೌಢದೇವರಾಯನ, ಎಂದರೆ ೧೪೨೪ರಿಂದ ೧೪೪೬ರವರೆಗೆ ಆಳಿದ ಎರಡನೆಯ ದೇವರಾಯನ ಕಾಲದವನು. ಅವನ ದೃಷ್ಟಿಯೇ ಬೇರೆ. ಅವನಿಗೆ ಅಲ್ಲಮನು ಸಾಕ್ಷಾತ್ ಪರಶಿವ. ಶಿವನನ್ನು ತಾನು ಮೋಹಗೊಳಿಸಬಲ್ಲೆನೆಂದು ಪಾರ್ವತಿಯು ತನ್ನ ತಾಮಸಾಂಶವನ್ನು ಭೂಮಿಗೆ ಕಳುಹಿಸುತ್ತಾಳೆ. ಅದು ಬನವಾಸಿಯ ಅರಸು ಮಮಕಾರನ ಮತ್ತು ರಾಣಿ ಮೋಹಿನಿಯ ಮಗಳಾಗಿ, ಮಾಯೆಯೆಂಬ ಹೆಸರಿನಿಂದ ಹುಟ್ಟುತ್ತದೆ. ಅಲ್ಲಮನ ತಂದೆತಾಯಿಗಳು ನಿರಹಂಕಾರ ಮತ್ತು ಸುಜ್ಞಾನಿ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನ ಮದ್ದಳೆಯನ್ನು ಕೇಳಿ ಮಾಯೆಯು ಮರುಳಾಗುತ್ತಾಳೆ. ಅವಳ ನೃತ್ಯಕ್ಕೆ ಅವನು ಮದ್ದಳೆಯನ್ನು ಬಾರಿಸುತ್ತಾನೆ. ಅವಳು ಹಿಡಿಯಹೋದಾಗ ಅವನು ಸಿಕ್ಕದೆ ಜಾರಿಹೋಗುತ್ತಾನೆ. ಇಲ್ಲಿ ಕಮಲತೆಯಿಲ್ಲ, ಜ್ವರವಿಲ್ಲ, ಶೋಕವಿಲ್ಲ. ಹರಿಹರನ ಅಲ್ಲಮನು ಸೋತು ಗೆದ್ದವನು. ಚಾಮರಸನ ಅಲ್ಲಮನಿಗೆ ಸೋಲೆಂಬುದೇ ಇಲ್ಲ.

ಇವುಗಳ ಜೊತೆಗೆ ‘ಶೂನ್ಯಸಂಪಾದನೆ’ಗಳಿವೆ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರ ಸಿದ್ಧವೀರಣಾರ್ಯನವರೆಗೆ ನಾಲ್ವರು ಸಂಪಾದಕರು ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದರು. ಅಲ್ಲಿ ಅಲ್ಲಮನು ಮುಕ್ತಾಯಕ್ಕ, ಸಿದ್ಧರಾಮ, ಬಸವಣ್ಣ, ಅಕ್ಕಮಹಾದೇವಿ, ಗೋರಕ್ಷ ಇವರೊಡನೆ ವಾದಿಸುವ ಜ್ಞಾನಿ. ಸಂಪಾದಕರ ಗಮನವೆಲ್ಲವೂ ಆ ಮಾತುಗಳ ಮೇಲಿದೆ, ಮಾತನಾಡುವವನ ಹಿಂದಿನ ಕಸುಬಿನ ಮೇಲಲ್ಲ.

೪

ಈ ಎರಡು ಕಥೆಗಳನ್ನು ಎದುರುಬದುರಾಗಿಟ್ಟು ನೋಡಿದರೆ ಅವು ಒಪ್ಪುವ ಅಂಶಗಳು ಬಲು ಕಡಮೆ. ಪಟ್ಟಣ ಬೇರೆ, ತಂದೆತಾಯಿಗಳು ಬೇರೆ, ಹೆಣ್ಣು ಬೇರೆ, ವೈರಾಗ್ಯದ ಕಾರಣವೂ ಬೇರೆ. ಬದಲಾಗದೆ ಉಳಿದದ್ದು ಮದ್ದಳೆ.

ಇದು ಗಮನಿಸತಕ್ಕ ಸಂಗತಿ. ಚಾಮರಸನು ತನ್ನ ಪಾತ್ರಗಳಿಗೆಲ್ಲ ತತ್ತ್ವದ ಹೆಸರುಗಳನ್ನಿಟ್ಟನು. ನಿರಹಂಕಾರ, ಸುಜ್ಞಾನಿ, ಮಮಕಾರ, ಮೋಹಿನಿ, ಮಾಯೆ ಇವು ಮನುಷ್ಯರ ಹೆಸರುಗಳಲ್ಲ, ವೇದಾಂತದ ಪದಗಳು. ಹೀಗೆ ಎಲ್ಲವನ್ನೂ ರೂಪಕವಾಗಿ ಕರಗಿಸಿದ ಕವಿಯು ಪರಶಿವನ ಕೊರಳಿಗೆ ಒಂದು ಚರ್ಮವಾದ್ಯವನ್ನು ತೂಗುಹಾಕಬೇಕಾದ ನಿರ್ಬಂಧವೇನೂ ಇರಲಿಲ್ಲ. ಅರಸುಮಗಳು ಮೋಹಿಸುವುದಕ್ಕೆ ರೂಪವೊಂದೇ ಸಾಕಾಗಿತ್ತು. ಆದರೂ ಅವನು ಮದ್ದಳೆಯನ್ನು ಬಿಡಲಿಲ್ಲ. ಬಿಟ್ಟಿದ್ದರೆ ಕೇಳುವವರು ಒಪ್ಪುತ್ತಿರಲಿಲ್ಲವೆಂದು ನಾವು ಊಹಿಸುತ್ತೇವೆ. ಅಲ್ಲಮನು ಮದ್ದಳೆಗಾರನೆಂಬ ನೆನಪು ಜನರಲ್ಲಿ ಅಷ್ಟು ಗಟ್ಟಿಯಾಗಿ ನಿಂತಿದ್ದಿರಬೇಕು.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಚಾಮರಸನು ಹರಿಹರನನ್ನು ಬಲ್ಲವನಾಗಿದ್ದರೆ ಅವನ ಸಾಕ್ಷ್ಯವು ಸ್ವತಂತ್ರವಾದುದಲ್ಲವೆಂಬುದು ಮೊದಲನೆಯದು. ಇದನ್ನು ನಾವು ಒಪ್ಪುತ್ತೇವೆ. ಆದರೆ ಹರಿಹರನಲ್ಲಿರುವ ಮಿಕ್ಕೆಲ್ಲವನ್ನೂ ನಿರಾಕರಿಸಿದವನು ಇದೊಂದನ್ನು ಏಕೆ ಉಳಿಸಿದನೆಂಬ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ. ಶಿವನ ತಾಂಡವಕ್ಕೆ ನಂದಿಯು ಮದ್ದಳೆಯನ್ನು ನುಡಿಸುವನೆಂಬ ನಂಬಿಕೆಯಿರುವುದರಿಂದ ಮದ್ದಳೆಯೂ ಒಂದು ನಾದಸಂಕೇತವಾಗಿರಬಹುದೆಂಬುದು ಎರಡನೆಯದು. ಈ ಆಕ್ಷೇಪಣೆಗೆ ಹೆಚ್ಚಿನ ಬಲವಿದೆ. ಆದರೆ ಹರಿಹರನಲ್ಲಿ ಮದ್ದಳೆಯು ಒಂಟಿಯಾಗಿ ಬಂದಿಲ್ಲ. ನಾಗವಾಸದ ತಂದೆ, ಮನೆತನದ ಶಿಕ್ಷಣ, ಬಳ್ಳಿಗಾವೆಯೆಂಬ ನಿಜವಾದ ಪಟ್ಟಣ ಇವುಗಳ ನಡುವೆ ಬಂದಿದೆ. ಸಂಕೇತಕ್ಕೆ ಇಷ್ಟು ಸಂಸಾರದ ಹೊರೆ ಬೇಕಾಗಿಲ್ಲ.

ಇದಲ್ಲದೆ ಶರಣರ ಹೆಸರುಗಳೇ ಒಂದು ಸಾಕ್ಷ್ಯವನ್ನೊದಗಿಸುತ್ತವೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ತುರುಗಾಹಿ ರಾಮಣ್ಣ ಇವರೆಲ್ಲರ ಹೆಸರಿನಲ್ಲಿ ಕಸುಬು ಅಂಟಿಕೊಂಡಿದೆ. ಕಲೆಯಿಂದ ಬದುಕಿದವರೂ ಅಲ್ಲಿದ್ದಾರೆ: ಕಿನ್ನರಿ ಬ್ರಹ್ಮಯ್ಯ, ಢಕ್ಕೆಯ ಬೊಮ್ಮಣ್ಣ, ಬಹುರೂಪಿ ಚೌಡಯ್ಯ. ಕಿನ್ನರಿಯೂ ಢಕ್ಕೆಯೂ ಹೆಸರಿನಲ್ಲಿ ಉಳಿದಿರಲು ಮದ್ದಳೆಯು ಏಕೆ ಉಳಿಯಲಿಲ್ಲ? ಅಲ್ಲಮನಿಗೆ ‘ಪ್ರಭು’ವೆಂಬ ಬಿರುದು ಬಂದಿತು, ಕಸುಬು ನಿಲ್ಲಬೇಕಾದ ಜಾಗದಲ್ಲಿ ಒಡೆತನದ ಪದವು ನಿಂತಿತು. ಗೌರವವು ಹೆಚ್ಚಿದಂತೆ ವೃತ್ತಿಯು ಮರೆಯಾಯಿತೆಂದು ಹೇಳಿದರೆ ತಪ್ಪಾಗಲಾರದು. ನಮ್ಮ ಕಾಲದ ಉದಾಸೀನಕ್ಕೂ ಮೂಲ ಅಲ್ಲಿಯೇ ಇದೆ.

೫

ಕಾವ್ಯವನ್ನು ಬಿಟ್ಟು ಈಗ ಕಲ್ಲಿನ ಕಡೆಗೆ ತಿರುಗೋಣ. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ೧೯೦೨ರಲ್ಲಿಯೂ, ಸೊರಬದವುಗಳನ್ನು ಎಂಟನೆಯ ಸಂಪುಟದಲ್ಲಿ ೧೯೦೪ರಲ್ಲಿಯೂ ಪ್ರಕಟಿಸಿದರು. ಬಳ್ಳಿಗಾವೆಯ ಕೇದಾರೇಶ್ವರನ ಸ್ಥಾನಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಶೈವರ ದೊಡ್ಡ ವಿದ್ಯಾಕೇಂದ್ರವಾಗಿದ್ದಿತೆಂದು ಈ ಶಾಸನಗಳಿಂದ ತಿಳಿಯುತ್ತದೆ. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಎಂಬ ಆಚಾರ್ಯರ ಪರಂಪರೆ ಅದಕ್ಕಿದ್ದಿತು.

ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು ೧೧೬೨ರ ಶಾಸನ. ಬಿಜ್ಜಳನು ಬಳ್ಳಿಗಾವೆಗೆ ಬಂದಿದ್ದ ಸಂದರ್ಭದ ದತ್ತಿಯನ್ನು ಅದು ದಾಖಲಿಸುತ್ತದೆ. ಬಸವಣ್ಣನವರ ಕಥೆಯಲ್ಲಿ ಬರುವ ಬಿಜ್ಜಳನೇ ಈತನಾದ್ದರಿಂದ ಶಾಸನದ ಕಾಲವು ಅಲ್ಲಮನ ಕಾಲವೇ ಆಗಿದೆ. ಮಠದಲ್ಲಿ ವೇದಗಳು, ವ್ಯಾಕರಣಗಳು, ದರ್ಶನಗಳು, ಲಾಕುಲ ಸಿದ್ಧಾಂತ, ಪುರಾಣ, ಕಾವ್ಯ, ನಾಟಕಗಳ ವ್ಯಾಸಂಗ ನಡೆಯುತ್ತಿದ್ದುದನ್ನು ಹೇಳಿದ ಮೇಲೆ ಶಾಸನವು ಅಲ್ಲಿನ ಅನ್ನದಾನವನ್ನು ವರ್ಣಿಸುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನ. ಅವರ ಬೆನ್ನಲ್ಲಿಯೇ ಕಥಕರು, ಗಾಯಕರು, ವಾದಕರು, ಕೊಳಲೂದುವ ವಾಂಶಿಕರು, ನರ್ತಕರು, ವೈತಾಳಿಕರು. ಅನಂತರ ಕ್ಷಪಣಕರೇ ಮೊದಲಾದ ನಾನಾ ಮತದ ಭಿಕ್ಷುಗಳು. ರೋಗಿಗಳಿಗೆ ಚಿಕಿತ್ಸೆಯೂ ಅಲ್ಲಿ ದೊರೆಯುತ್ತಿತ್ತು.

ಈ ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅಲ್ಲಮನು ಬಾಳಿದ ಕಾಲದಲ್ಲಿ, ಅಲ್ಲಮನ ಊರಿನಲ್ಲಿ, ವಾದಕರೆಂಬ ವರ್ಗವು ಇದ್ದಿತೆಂದು ಇದರಿಂದ ಸಿದ್ಧಪಡುತ್ತದೆ. ಗಾಯಕ, ವಾದಕ, ವಾಂಶಿಕ, ನರ್ತಕರೆಂದು ಬೇರೆ ಬೇರೆಯಾಗಿ ಹೆಸರಿಸಿರುವುದರಿಂದ ಅವು ಪ್ರತ್ಯೇಕವಾದ ಕಸುಬುಗಳಾಗಿದ್ದವೆಂದೂ ತಿಳಿಯಬಹುದು. ಆದರೆ ಅವರನ್ನು ಎಲ್ಲಿ ಕುಳ್ಳಿರಿಸಿದ್ದಾರೆಂಬುದನ್ನು ನೋಡಬೇಕು: ಅಂಗಹೀನರಿಗೂ ಭಿಕ್ಷುಗಳಿಗೂ ನಡುವೆ. ದಾನಕ್ಕೆ ಯೋಗ್ಯರೆಂದು ಅವರನ್ನು ನೆನೆದದ್ದು ಮಠದ ಔದಾರ್ಯ. ದಾನವಿಲ್ಲದೆ ಅವರ ಹೊಟ್ಟೆ ತುಂಬುವುದು ನಿಶ್ಚಯವಿರಲಿಲ್ಲವೆಂಬುದು ಅದರ ಇನ್ನೊಂದು ಮುಖ.

ಇದೇ ಮಠದಲ್ಲಿ ನಾಟ್ಯಶಾಸ್ತ್ರದ ಪಾಂಡಿತ್ಯಕ್ಕೆ ದೊರೆತ ಮನ್ನಣೆ ಬೇರೆ ಬಗೆಯದು. ಹನ್ನೆರಡನೆಯ ಶತಮಾನದ ಉತ್ತರಾರ್ಧದ ಮತ್ತೊಂದು ಶಾಸನವು ವಾಮಶಕ್ತಿಯನ್ನು ವ್ಯಾಕರಣದಲ್ಲಿ ಪಾಣಿನಿಗೂ ನಾಟ್ಯಾದಿ ಶಾಸ್ತ್ರಗಳಲ್ಲಿ ಭರತಮುನಿಗೂ ಹೋಲಿಸಿ ಹೊಗಳುತ್ತದೆ. ಶಾಸ್ತ್ರವನ್ನು ಬಲ್ಲ ಆಚಾರ್ಯನಿಗೆ ಭರತನ ಹೋಲಿಕೆ. ಬಾರಿಸುವವನಿಗೆ ಅನ್ನಸತ್ರದ ಪಂಕ್ತಿ. ಒಂದೇ ಅಂಗಳದ ಈ ಎರಡು ದೃಶ್ಯಗಳನ್ನು ಕೂಡಿಸಿ ನೋಡಿದಾಗ ಅಲ್ಲಮನು ಬೆಳೆದ ವಾತಾವರಣವು ನಮಗೆ ಹೊಳೆಯುತ್ತದೆ. ಅರಮನೆಯಲ್ಲಿಯೂ ಹೀಗೆಯೇ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ಪ್ರತ್ಯೇಕವಾದ ವಿನೋದಪ್ರಕರಣಗಳಿವೆ. ವಾದ್ಯಗಳ ಲಕ್ಷಣವನ್ನು ಅರಸನೇ ಬರೆದಿದ್ದಾನೆ. ಲಕ್ಷಣವು ಗ್ರಂಥಕ್ಕೆ ಸೇರಿತು. ಲಕ್ಷ್ಯವನ್ನು ತೋರಿಸಿದವರ ಹೆಸರು ಸೇರಲಿಲ್ಲ.

ಎಲ್ಲೆಡೆಯಲ್ಲಿಯೂ ಹೀಗೆಯೇ ಇತ್ತೆಂದು ಹೇಳಲಾಗದು. ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದಷ್ಟು ಹಿಂದೆಯೇ, ಗಾಂಧರ್ವರಿಗೆ ವಿಜಯಾದಿತ್ಯನು ಕೊಟ್ಟಿದ್ದ ಹಕ್ಕನ್ನು ರಾಣಿ ಲೋಕಮಹಾದೇವಿಯು ಸ್ಥಿರಪಡಿಸಿದಳು. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ರಾಜರಾಜ ಚೋಳನು ಸುಮಾರು ೧೦೧೪ರಲ್ಲಿ ಕೆತ್ತಿಸಿದ ಶಾಸನವು ನಾನಾ ಊರುಗಳಿಂದ ಕರೆತಂದ ೪೦೦ ಮಂದಿ ನರ್ತಕಿಯರ ಹೆಸರುಗಳನ್ನು, ಅವರ ಮನೆ ಮತ್ತು ಭತ್ತದ ಪಾಲುಗಳೊಡನೆ, ಒಂದೊಂದಾಗಿ ಎಣಿಸುತ್ತದೆ. ದೇವಾಲಯದ ಆಡಳಿತವು ಮನಸ್ಸು ಮಾಡಿದರೆ ಕಲಾವಿದರ ಹೆಸರುಗಳಿಗೆ ಕಲ್ಲಿನಲ್ಲಿ ಜಾಗವುಂಟೆಂಬುದಕ್ಕೆ ಇದು ನಿದರ್ಶನ.

ಬಳ್ಳಿಗಾವೆಯ ನೆರೆಯಲ್ಲಿಯೇ ಎಲ್ಲ ಕಲಾವಿದರೂ ಅನಾಮಿಕರಾಗಿ ಉಳಿಯಲಿಲ್ಲ. ತಾಳಗುಂದದ ಶಾಸನಕಾವ್ಯವನ್ನು ರಚಿಸಿದ ಕುಬ್ಜನು ಐದನೆಯ ಶತಮಾನದಲ್ಲಿಯೇ ತನ್ನ ಹೆಸರನ್ನು ಅದರಲ್ಲಿ ಸೇರಿಸಿದನು. ಬಳ್ಳಿಗ್ರಾಮೆಯ ಶಿಲ್ಪಿ ದಾಸೋಜನೂ ಅವನ ಮಗ ಚಾವಣನೂ ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರು ಚೆನ್ನಕೇಶವ ದೇವಾಲಯದ ಮದನಿಕೆಗಳ ಕೆಳಗೆ ತಮ್ಮ ಹೆಸರುಗಳನ್ನು ಕೆತ್ತಿದರು. ಆ ಮದನಿಕೆಯರ ಸಾಲಿನಲ್ಲಿ ನರ್ತಿಸುವವರೂ ವಾದ್ಯವನ್ನು ನುಡಿಸುವವರೂ ಇದ್ದಾರೆ. ಕೆತ್ತಿದವನ ಹೆಸರು ನಮಗೆ ಗೊತ್ತು. ಅವನ ಊರಿನಲ್ಲಿ ಅಂಥ ಕುಣಿತಕ್ಕೆ ತಾಳ ಹಾಕಿದವನ ಹೆಸರು ಗೊತ್ತಿಲ್ಲ. ಕವಿಯ ಸಾಧನ ಅಕ್ಷರ, ಶಿಲ್ಪಿಯ ಸಾಧನ ಕಲ್ಲು. ಇವು ತಮ್ಮ ಒಡೆಯನ ಹೆಸರನ್ನು ಹೊರಬಲ್ಲವು. ಮದ್ದಳೆಯ ಶಬ್ದವು ಬಾರಿಸಿದ ಗಳಿಗೆಯಲ್ಲಿಯೇ ಅಡಗಿಹೋಗುತ್ತದೆ. ರೈಸ್ ಅವರ ಏಳನೆಯ ಸಂಪುಟವು ಹೊರಬಂದ ೧೯೦೨ರಲ್ಲಿಯೇ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಕಂಠವು ಗ್ರಾಮಫೋನ್ ತಟ್ಟೆಗೆ ಏರಿತೆಂಬುದು ಒಂದು ಸ್ವಾರಸ್ಯದ ಯೋಗಾಯೋಗ. ಇಂದು ಸಮುದ್ರದಾಚೆಯ ಬ್ರೆಜಿಲಿನ ಗಾಯಕಿಯ ಚರಿತ್ರೆಯನ್ನು ಬರೆಯುವವನು ಅವಳ ದನಿಯನ್ನೇ ಆಧಾರವಾಗಿಟ್ಟುಕೊಳ್ಳಬಲ್ಲನು. ಹನ್ನೆರಡನೆಯ ಶತಮಾನದ ವಾದ್ಯಗಾರನ ಚರಿತ್ರಕಾರನಿಗೆ ಆ ಭಾಗ್ಯವಿಲ್ಲ.

೬

ಮದ್ದಳೆಗಾರನ ಕೆಲಸದ ಸ್ವರೂಪವನ್ನು ಕುರಿತು ಎರಡು ಮಾತು ಹೇಳುವುದು ಅಪ್ರಸ್ತುತವಲ್ಲ. ಮದ್ದಳೆಯು ಮರದ ಕಳಸಿಗೆಯ ಎರಡು ಬಾಯಿಗಳಿಗೂ ಚರ್ಮವನ್ನು ಬಿಗಿದ ವಾದ್ಯ. ಬಲದ ಮುಚ್ಚಿಗೆಯ ಮೇಲಿನ ಕಪ್ಪು ಕರಣೆಯಿಂದ ಅದಕ್ಕೆ ಶ್ರುತಿಯು ಬರುತ್ತದೆ. ನಮ್ಮ ಮಲೆನಾಡು ಕರಾವಳಿಗಳ ಯಕ್ಷಗಾನದಲ್ಲಿ ಈಗಲೂ ಇದನ್ನು ಕಾಣಬಹುದು. ಕುಣಿಯುವವರ ಹೆಜ್ಜೆಯನ್ನು ಕಣ್ಣು ಬಿಡದೆ ನೋಡುತ್ತ, ಮುಂದಿನ ಹೆಜ್ಜೆಯನ್ನು ಅದು ಬೀಳುವ ಮೊದಲೇ ಅರಿತು ಕೈಯನ್ನು ನಡೆಸಬೇಕಾದದ್ದು ಮದ್ದಳೆಗಾರನ ಕರ್ತವ್ಯ. ಸಭೆಯ ಕಣ್ಣು ನರ್ತಕಿಯ ಮೇಲೆ. ನರ್ತಕಿಯ ಕಿವಿ ಮದ್ದಳೆಯ ಮೇಲೆ. ಬಹುಕಾಲದ ಸಾಧನೆಯಿಲ್ಲದೆ ಇದು ಸಾಧ್ಯವಾಗದು. ಆದ್ದರಿಂದಲೇ ಅದು ಮನೆತನದ ವಿದ್ಯೆಯಾಗಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಹರಿಹರನು ಅಲ್ಲಮನನ್ನು ನಾಗವಾಸದ ಅಧಿಪತಿಯ ಮಗನನ್ನಾಗಿ ಮಾಡಿರುವುದು ಈ ವೃತ್ತಿಯ ನಡೆಗೆ ಸರಿಯಾಗಿ ಒಪ್ಪುತ್ತದೆ.

ಅಲ್ಲಮನ ವಚನಗಳನ್ನು ಅವನ ಹಳೆಯ ಕಸುಬಿಗೆ ನೇರವಾಗಿ ಗಂಟುಹಾಕುವ ಸಾಹಸವನ್ನು ನಾವು ಮಾಡುವುದಿಲ್ಲ. ಡಿ. ಆರ್. ನಾಗರಾಜ್ ಅವರು ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಎಂಬ ೧೯೯೯ರ ಗ್ರಂಥದಲ್ಲಿ ತೋರಿಸಿರುವಂತೆ ಆ ವಚನಗಳ ಹಿಂದೆ ವಿಸ್ತಾರವಾದ ಶೈವ ತಾತ್ತ್ವಿಕ ಪರಂಪರೆಯ ಹಿನ್ನೆಲೆಯಿದೆ. ಆದರೂ ಒಂದು ಸಂಗತಿ ಮನಸ್ಸಿಗೆ ಬಾರದಿರದು. ಶಬ್ದದ ಮಿತಿ, ಶಬ್ದದಿಂದ ನಿಶ್ಶಬ್ದಕ್ಕೆ ಸಾಗುವ ದಾರಿ ಇವು ಅಲ್ಲಮನು ಮತ್ತೆ ಮತ್ತೆ ಹಿಂದಿರುಗುವ ವಿಷಯಗಳು. ಶಬ್ದವನ್ನು ಎಬ್ಬಿಸಿ ಅದು ಅಡಗುವುದನ್ನು ದಿನವೂ ಕೇಳುತ್ತಿದ್ದವನಿಗೆ ಈ ವಿಚಾರವು ಗ್ರಂಥದಿಂದ ಮಾತ್ರ ಬಂದಿರಲಾರದು. ಇದು ನಮ್ಮ ಊಹೆ. ಪ್ರಮಾಣವೆಂದು ಇದನ್ನು ಮುಂದಿಡುತ್ತಿಲ್ಲ.

ಅವನು ವೃತ್ತಿಯನ್ನು ಬಿಟ್ಟ ಬಗೆಯನ್ನು ಕುರಿತು ಹರಿಹರನ ನಿರೂಪಣೆಯನ್ನೇ ನಾವು ಹೆಚ್ಚು ಸ್ವಾಭಾವಿಕವೆಂದು ಭಾವಿಸುತ್ತೇವೆ. ಜೊತೆಗಾತಿಯ ಮರಣದಿಂದ ಒಬ್ಬ ಕಲಾವಿದನ ಕೈ ನಿಂತುಹೋಗುವುದು ಲೋಕದಲ್ಲಿ ಕಂಡ ಸಂಗತಿ. ಅನಂತರ ಅವನು ಊರಿಂದೂರಿಗೆ ಅಲೆದು, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಕೆಣಕಿ, ಕಲ್ಯಾಣಕ್ಕೆ ಹೋಗಿ, ಕೊನೆಗೆ ಶ್ರೀಶೈಲದ ಕದಳಿಯಲ್ಲಿ ಬಯಲಾದನೆಂದು ಪರಂಪರೆಯು ಹೇಳುತ್ತದೆ. ಕಲ್ಯಾಣದಲ್ಲಿ ಅವನ ಎದುರಿಗೆ ನಿಂತ ಅಕ್ಕಮಹಾದೇವಿಯೂ ಅವನ ನಾಡಿನವಳೇ. ಬಳ್ಳಿಗಾವೆಯವನು ಉಡುತಡಿಯವಳನ್ನು ಪರೀಕ್ಷಿಸುವ ಆ ಸಂವಾದವು ಶೂನ್ಯಸಂಪಾದನೆಯ ಶಿಖರವೆಂದು ಎಲ್ಲರೂ ಒಪ್ಪುತ್ತಾರೆ.

೭

ಮುಗಿಸುವ ಮುನ್ನ ಒಂದು ಎಚ್ಚರಿಕೆಯ ಮಾತು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಾಣಿ ಶಾಂತಲದೇವಿಯು ಬಳ್ಳಿಗಾವೆಯವಳೆಂದು ಈ ಭಾಗದ ಜನರು ಅಭಿಮಾನದಿಂದ ಹೇಳುತ್ತಾರೆ. ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಯು ೧೯೭೮ರಲ್ಲಿ ಹೊರಬಂದ ಮೇಲೆ ಬಲಿಪುರದ ಶಾಂತಲೆಯ ಚಿತ್ರವು ಮನೆಮಾತಾಯಿತು. ಗೀತ, ವಾದ್ಯ, ನೃತ್ಯಗಳಲ್ಲಿ ಅವಳ ಪ್ರಾವೀಣ್ಯವನ್ನು ಶಾಸನಗಳು ಹೊಗಳುತ್ತವೆಂಬುದು ನಿಜ. ೧೧೩೧ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡುದೂ ಶ್ರವಣಬೆಳಗೊಳದ ಶಾಸನದಿಂದ ತಿಳಿದಿದೆ. ಆದರೆ ಕಾದಂಬರಿಯ ಚಿತ್ರವನ್ನು ಶಾಸನದ ಪ್ರಮಾಣವೆಂದು ಎಣಿಸಬಾರದು. ರಾಣಿಯಾದ್ದರಿಂದ ಅವಳ ಸಂಗೀತವು ಕಲ್ಲಿಗೆ ಏರಿತು. ನಾಗವಾಸದ ಹುಡುಗನ ಸಂಗೀತವು ಕಲ್ಲಿಗೆ ಏರಲಿಲ್ಲ. ಶರಣನಾದ್ದರಿಂದ ರಗಳೆಗೆ ಏರಿತು. ಶರಣನೂ ಆಗದೆ ಅರಸರ ಮನೆಗೂ ಸೇರದೆ ಬದುಕಿ ಸತ್ತ ವಾದ್ಯಗಾರರು ‘ವಾದಕರು’ ಎಂಬ ಒಂದೇ ಬಹುವಚನದಲ್ಲಿ ಉಳಿದುಕೊಂಡಿದ್ದಾರೆ.

ನಮ್ಮ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಅಲ್ಲಮನ ಮದ್ದಳೆಯ ವೃತ್ತಿಗೆ ಆಧಾರವಾಗಿರುವುದು ಕಾವ್ಯ, ಶಾಸನವಲ್ಲ. ಆದಕಾರಣ ಅದನ್ನು ಸಿದ್ಧವಾದ ಸತ್ಯವೆನ್ನದೆ ಬಲವಾದ ಸಂಭಾವನೆಯೆನ್ನುತ್ತೇವೆ. ಬೇರೆಲ್ಲದರಲ್ಲಿ ಭಿನ್ನವಾಗಿರುವ ಎರಡು ಕಥೆಗಳು ಇದರಲ್ಲಿ ಒಂದಾಗಿವೆ. ಅವನ ಕಾಲದ ಬಳ್ಳಿಗಾವೆಯಲ್ಲಿ ಅಂಥ ವೃತ್ತಿಯವರಿದ್ದರೆಂಬುದಕ್ಕೆ ೧೧೬೨ರ ಶಾಸನವು ಸಾಕ್ಷಿಯಾಗಿದೆ. ಆ ವೃತ್ತಿಗೆ ಮನ್ನಣೆಯು ಅಲ್ಪವಾಗಿದ್ದುದರಿಂದಲೇ ಮುಂದಿನವರು ಪ್ರಭುವಿನ ಹೆಗಲಿನಿಂದ ಮದ್ದಳೆಯನ್ನು ಮೆಲ್ಲನೆ ಇಳಿಸಿದರು.

ಅದನ್ನು ಮತ್ತೆ ಅವನ ಹೆಗಲಿಗೆ ಏರಿಸುವುದರಿಂದ ಅವನ ಹಿರಿಮೆಗೆ ಕುಂದು ಬಾರದೆಂದು ನಮ್ಮ ನಂಬಿಕೆ. ಅನ್ನಸತ್ರದ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಿದ್ದ ವರ್ಗದಿಂದ ಬಂದವನೊಬ್ಬನು ಕಲ್ಯಾಣದ ಶರಣರಿಗೆ ಹಿರಿಯನಾದನೆಂಬುದು ಆ ಯುಗದ ಚಳವಳಿಯ ಸ್ವರೂಪವನ್ನು ಬೇರೆ ಯಾವ ಸ್ತುತಿಗಿಂತಲೂ ಚೆನ್ನಾಗಿ ತಿಳಿಸುತ್ತದೆ. ಶಿಕಾರಿಪುರ ಮತ್ತು ಸೊರಬದ ಶಾಸನಗಳನ್ನು ದಾನ ಕೊಟ್ಟವರ ಹೆಸರಿಗಾಗಿ ಓದುವಂತೆಯೇ ಅನ್ನವನ್ನು ಪಡೆದವರ ಪಟ್ಟಿಗಾಗಿಯೂ ಓದಿ, ಗಾಯಕ ವಾದಕ ನರ್ತಕರ ಉಲ್ಲೇಖಗಳನ್ನು ಒಂದೆಡೆ ಕಲೆಹಾಕುವ ಕೆಲಸವು ಆಗಬೇಕಾಗಿದೆ. ಈ ದಿಕ್ಕಿನಲ್ಲಿ ನಮ್ಮ ವಿದ್ಯಾರ್ಥಿಗಳ ಗಮನವನ್ನು ಸೆಳೆಯುವುದೇ ಪ್ರಕೃತ ಪ್ರಬಂಧದ ಉದ್ದೇಶ. ಇದರಲ್ಲಿ ದೋಷಗಳಿದ್ದರೆ ವಿದ್ವಾಂಸರು ತಿದ್ದಬೇಕೆಂದು ಬಿನ್ನವಿಸುತ್ತೇವೆ.